ಹೋದ ವಾರದ ಪಟ್ಟಿ

ಬಸವೇಶ್ವರನಗರ
23 ನವೆಂಬರ್ 2025, ಭಾನುವಾರ ಮಧ್ಯಾಹ್ನ

ಯೋಗಾನಂದ ಅವರಿಗೆ,

ಸಿಂಚನಾ ಒಳಗಿನ ಕೋಣೆಯಲ್ಲಿ ಮಲಗಿದ್ದಾಳೆ. ಬೆಳಕು ಬಿದ್ದರೆ ತಲೆ ಸಿಡಿಯುತ್ತದೆ ಅನ್ನುತ್ತಾಳೆ, ಅದಕ್ಕೆ ಕಿಟಕಿಯ ಪರದೆಯ ಮೇಲೆ ಬೆಡ್‌ಶೀಟನ್ನೂ ಕಟ್ಟಿದ್ದೇನೆ. ಬುಧವಾರ ಸಂಜೆ ಸ್ಕೇಟಿಂಗ್ ಕ್ಲಬ್ಬಿನ ಸಮಿತಿ ಸೇರುತ್ತದೆ. ನೀವು ಕೋಚ್ ಆಗಿ ಮುಂದುವರಿಯಬೇಕೋ ಬೇಡವೋ ಎಂದು ತೀರ್ಮಾನಿಸುವ ಮುಂಚೆ ಅವರು ನನ್ನ ಮಾತನ್ನೂ ಕೇಳುತ್ತಾರೆ. ಅದಕ್ಕೂ ಮೊದಲು ಈ ಪತ್ರ ನಿಮಗೆ ಸೇರಲಿ ಎಂದು ಬರೆಯುತ್ತಿದ್ದೇನೆ. ಫೋನಿನಲ್ಲಾದರೆ ನೀವು ನಡುವೆ ಬಾಯಿ ಹಾಕುತ್ತೀರಿ, ನನ್ನ ಮಾತು ಅರ್ಧಕ್ಕೇ ನಿಲ್ಲುತ್ತದೆ.

ಮೊದಲು ನಮ್ಮ ಮಗಳ ವಿಷಯ. ಗೋಡೆ ಹಿಡಿದುಕೊಂಡು ಬಚ್ಚಲಿಗೆ ಹೋಗಿ ಬರುತ್ತಾಳೆ. ಒಂದು ಸಾಲು ಓದಿದರೆ ಮುಂದಿನ ಸಾಲು ಕಣ್ಣಿಗೆ ಸಿಗುವುದಿಲ್ಲ, ಹಾಗಾಗಿ ಪುಸ್ತಕವನ್ನು ನಾನೇ ಓದಿ ಹೇಳುತ್ತೇನೆ. ಹತ್ತನೇ ತರಗತಿಯ ಪರೀಕ್ಷೆ ಈ ವರ್ಷ ಆಗುವುದಿಲ್ಲ. ಮೊದಲ ಏಟಿಗೇ ಆಟ ಬಿಡಿಸಿದ್ದರೆ ಕೆಲವು ವಾರಗಳಲ್ಲಿ ಸರಿಹೋಗಬಹುದಿತ್ತು, ಅದು ಮಾಯುವ ಮುಂಚೆ ಇನ್ನೊಂದು ಏಟು ಬಿದ್ದದ್ದೇ ಕಷ್ಟವಾಯಿತು ಎಂದು ಡಾಕ್ಟರು ಹೇಳಿದರು. ಎಷ್ಟು ವಾಪಸು ಬರುತ್ತದೆ ಎಂದು ಹೇಳಲಿಲ್ಲ. ನಾನೂ ಒತ್ತಾಯ ಮಾಡಿ ಕೇಳಲಿಲ್ಲ.

ಪಟ್ಟಿ ಇನ್ನೂ ಫ್ರಿಜ್ಜಿನ ಬಾಗಿಲ ಮೇಲಿದೆ. ಒಂದೊಂದು ಹೆಸರಿಗೆ ಒಂದೊಂದು ಚೀಟಿ: ಐಸ್ ಹಾಕಿಯಲ್ಲಿ ಇದುವರೆಗೆ ಆಡಿದ ಅತಿ ದೊಡ್ಡ ಹತ್ತು ಗೋಲ್‌ಕೀಪರುಗಳು. ಬೆಂಗಳೂರಿನ ಸಿಮೆಂಟಿನ ಮೇಲೆ ಚಕ್ರದ ಬೂಟು ಹಾಕಿಕೊಂಡು ಹಾಕಿಯ ಗೋಲು ಕಾಯುವ ಹುಡುಗಿಗೆ ಕೆನಡಾದವರು, ರಷ್ಯಾದವರು, ಜೆಕ್‌ನವರು ಯಾಕೆ ಬೇಕು ಎಂದು ನನ್ನ ತಂಗಿ ನಗುತ್ತಿದ್ದಳು. ನಾನು ನಗಲಿಲ್ಲ. ಎಂದೂ ಕಾಣದ ಊರುಗಳ ಕಾದಂಬರಿಗಳನ್ನು ಅನುವಾದದಲ್ಲಿ ಓದಿ, ಇದು ಹೆಚ್ಚು ಅದು ಕಡಿಮೆ ಎಂದು ಹೇಳುವವಳು ನಾನು.

ಭಾನುವಾರಕ್ಕೆ ಒಂದೇ ಹೆಸರು ಕದಲಿಸಬಹುದು. ಕದಲಿಸುವವರು ಕಾರಣ ಕೊಡಬೇಕು, ಉಳಿದವರು ಒಪ್ಪಬೇಕು. ಹೋದ ವರ್ಷ ನೀವೊಬ್ಬರೇ ಕೆಂಗೇರಿಗೆ ಮನೆ ಬದಲಾಯಿಸಿದ ಮೇಲೂ ಅದು ಫೋನಿನ ಸ್ಪೀಕರಿನಲ್ಲಿ ನಡೆಯಿತು. ನಮ್ಮ ಮೂವರ ನಡುವೆ ಮುರಿಯದೆ ಉಳಿದದ್ದು ಅದೊಂದೇ. ಬೇರೆ ಲೀಗು, ಬೇರೆ ಕಾಲ, ಹೇಗೆ ಹೋಲಿಸುತ್ತೀರಿ ಎಂದು ನಾನು ಒಮ್ಮೆ ಕೇಳಿದ್ದೆ. ನೀವು, "ಗೋಲಿನ ಅಗಲ ಎಲ್ಲಾ ಕಡೆ ಒಂದೇ ಕಣೇ. ಎಷ್ಟು ತಡೆದ ಅಂತಲ್ಲ, ಏನಾದ್ರೂ ಬಿಟ್ಟು ಹೋಗದೆ ನಿಂತನಾ ಅಂತ ನೋಡು" ಅಂದಿದ್ದಿರಿ.

ಅಕ್ಟೋಬರಿನವರೆಗೆ ಆ ಲೆಕ್ಕದಲ್ಲಿ ಮೊದಲನೆಯವನು ಸಾಚುಕ್. ಮುಖಕ್ಕೆ ನೂರಾರು ಹೊಲಿಗೆ ಬಿದ್ದರೂ ವರ್ಷಗಟ್ಟಲೆ ಬರಿಮುಖದಲ್ಲೇ ನಿಂತವನು. ಎರಡನೆಯವನು ವೆಜಿನಾ. ಮೈ ಸುಡುವ ಜ್ವರವಿದ್ದರೂ ಆಟಕ್ಕಿಳಿದು, ನಡುವೆ ಕುಸಿದವನು. ಅವನ ಕಥೆಯನ್ನು ನೀವು ಯಾವಾಗಲೂ ಅಲ್ಲಿಗೆ ನಿಲ್ಲಿಸುತ್ತಿದ್ದಿರಿ. ಅವನಿಗೆ ಕ್ಷಯವಿತ್ತು, ನಾಲ್ಕು ತಿಂಗಳಲ್ಲಿ ತೀರಿಕೊಂಡ ಎಂಬುದನ್ನು ನಾನು ಆಮೇಲೆ ಹುಡುಕಿ ಓದಿದೆ. ಮೂರನೆಯವನು ರಷ್ಯಾದ ತ್ರೆತ್ಯಾಕ್. ಅಮೆರಿಕದ ಎದುರಿನ ಒಲಿಂಪಿಕ್ ಪಂದ್ಯದಲ್ಲಿ ಮೊದಲ ಅವಧಿಯಾದ ಮೇಲೆ ಕೋಚ್ ಅವನನ್ನು ಹೊರಗೆ ಕೂರಿಸಿದ, ತಂಡ ಸೋತಿತು. ಇದನ್ನು ಹೇಳುವಾಗ ನಿಮ್ಮ ಧ್ವನಿಯೇ ಬದಲಾಗುತ್ತಿತ್ತು. "ಕೀಪರನ್ನ ನಡುವೆ ಇಳಿಸಿದ ಕೋಚು ಸಾಯೋ ತನಕ ಅದನ್ನೇ ನೆನೆಸ್ಕೋತಾನೆ" ಅನ್ನುತ್ತಿದ್ದಿರಿ. ನಾಲ್ಕನೆಯವನು ಹಾಶೆಕ್, ಐದನೆಯವನು ಪ್ಲಾಂಟ್. ಉಳಿದ ಐವರನ್ನು ಬರೆಯುವುದಿಲ್ಲ, ನಿಮಗೆ ಗೊತ್ತಿದೆ.

ಇದು ಬರಿಯ ಆಟವಾಗಿದ್ದರೆ ನನ್ನ ತಕರಾರಿರಲಿಲ್ಲ. ಆಟದಲ್ಲಿ ತಲೆಗೆ ಏಟು ಬಿದ್ದ ಮಕ್ಕಳಿಂದ ಈ ಪಟ್ಟಿ ಹೇಳಿಸುವುದನ್ನು ನೀವು ಪದ್ಧತಿ ಮಾಡಿಕೊಂಡಿರಿ. ಒಂದು ಹೆಸರು ಹಿಂದುಮುಂದಾದರೂ ಬೆಂಚಿಗೆ ಹೋಗಬೇಕು, ಮಾತಿಲ್ಲ. ಡಾಕ್ಟರ ಪರೀಕ್ಷೆಗಿಂತ ಇದೇ ಗಟ್ಟಿ ಎಂದು ನಗುತ್ತಿದ್ದಿರಿ, ನಾನೂ ನಕ್ಕಿದ್ದೇನೆ.

ಅಕ್ಟೋಬರಿನ ಕೊನೆಯ ಭಾನುವಾರ ನಾನು ಅಡುಗೆಮನೆಯಲ್ಲಿ ಚಪಾತಿಗೆ ಹಿಟ್ಟು ಕಲಸುತ್ತಿದ್ದೆ. ಫೋನು ಫ್ರಿಜ್ಜಿನ ಮೇಲಿತ್ತು. ಸಿಂಚನಾ ಪ್ಲಾಂಟ್‌ನ ಚೀಟಿಯನ್ನು ಕಿತ್ತು ಎಲ್ಲರಿಗಿಂತ ಮೇಲೆ ಅಂಟಿಸಿದಳು. ನೀವು, "ಅವನಿಗೇನು ಕೊಂಬಿದೆಯಾ" ಅಂದಿರಿ. ಅವಳು, "ಅಪ್ಪಾ, ಮುಖ ಒಡೆದೋಗಿತ್ತು. ಹೊಲಿಗೆ ಹಾಕಿಸ್ಕೊಂಡು ಬಂದು ಮುಖವಾಡ ಇಲ್ದೆ ನಿಲ್ಲಲ್ಲ ಅಂತ ಕೋಚ್ ಎದುರಿಗೇ ಹೇಳ್ದ. ಆಗ ಯಾರೂ ಹಾಕ್ಕೋತಿರಲಿಲ್ಲ. ಬಾಲ್ ತಡೆಯೋಕಿಂತ ಅದು ಕಷ್ಟ ಅಪ್ಪಾ" ಅಂದಳು. ನೀವು, "ಅದು ಬಾಲ್ ಅಲ್ಲ ಕಣೇ, ರಬ್ಬರ್ ಬಿಲ್ಲೆ, ಪಕ್ಕು" ಎಂದು ತಿದ್ದಿ, "ಆಯ್ತು ಲಾಯರಮ್ಮ, ಸೋತೆ" ಅಂದಿರಿ. ಮೂವರೂ ಒಪ್ಪಿದೆವು. ಅಂದಿನಿಂದ ಪಟ್ಟಿ ಪ್ಲಾಂಟ್‌ನಿಂದ ಶುರುವಾಗುತ್ತದೆ.

ಅದೇ ವಾರದ ಶನಿವಾರ ರಾಜ್ಯೋತ್ಸವದ ಪಂದ್ಯ. ಎದುರು ತಂಡದ ಹುಡುಗಿ ವೇಗ ತಡೆಯಲಾಗದೆ ಗೋಲಿನೊಳಕ್ಕೇ ನುಗ್ಗಿದಳು, ಸಿಂಚನಾಳ ತಲೆ ಕಂಬಕ್ಕೆ ಬಡಿಯಿತು. ನೀವು ಅವಳನ್ನು ಪಕ್ಕಕ್ಕೆ ಕರೆದು ಪಟ್ಟಿ ಹೇಳಿಸಿ ವಾಪಸು ಕಳಿಸಿದಿರಿ. ಆಟ ಮುಗಿಯುವುದಕ್ಕೆ ಇನ್ನೇನು ಸ್ವಲ್ಪ ಹೊತ್ತಿರುವಾಗ ಮತ್ತೆ ಬಿದ್ದಳು. ಆ ಸಲ ಏಳಲಿಲ್ಲ.

ಆಸ್ಪತ್ರೆಯ ಬೆಂಚಿನ ಮೇಲೆ ನೀವು ನನ್ನ ಕೈ ಹಿಡಿದುಕೊಂಡು, "ನಾನು ಚೆಕ್ ಮಾಡೇ ಕಳಿಸಿದೆ ಕುಸುಮಾ. ಸಾಚುಕ್‌ನಿಂದ ಹಿಡಿದು ಹತ್ತೂ ಹೆಸರು ಪಟಪಟ ಅಂತ ಹೇಳಿದ್ಳು" ಅಂದಿರಿ. ಬಹಳ ದಿನಗಳ ಮೇಲೆ ನೀವು ನನ್ನ ಕೈ ಹಿಡಿದಿದ್ದಿರಿ, ನಾನು ಬಿಡಿಸಿಕೊಳ್ಳಲಿಲ್ಲ. ನೀವು ಹೇಳಿದ್ದು ಮನೆಗೆ ಬಂದು ಫ್ರಿಜ್ಜಿನ ಬಾಗಿಲು ನೋಡಿದಾಗಲೇ ನನ್ನ ತಲೆಗೆ ಹೋದದ್ದು.

ಸಾಚುಕ್‌ನಿಂದ ಶುರುಮಾಡಿದರೆ ಅದು ಅವತ್ತಿಗೆ ಹೋದ ವಾರದ ಪಟ್ಟಿ. ಮೊದಲ ಹೆಸರೇ ತಪ್ಪು. ನಿಮ್ಮದೇ ನಿಯಮದಂತೆ ಅವಳು ಬೆಂಚಿನಲ್ಲಿರಬೇಕಿತ್ತು.

ಇಷ್ಟು ದಿನ ನಾನು ನಿಮ್ಮ ಪರವಾಗಿಯೇ ಯೋಚಿಸಿದ್ದೇನೆ. ಆ ಬದಲಾವಣೆ ನಿಮ್ಮ ಮನಸ್ಸಿಗೆ ಹಿಡಿಸಿರಲಿಲ್ಲ. ಬಾಯಲ್ಲಿ ಸೋತೆ ಅಂದರೂ ಒಳಗೆ ಸಾಚುಕ್ ಮೇಲೇ ಇದ್ದ. ಮೈಕಿನ ಗದ್ದಲದಲ್ಲಿ ನಿಮಗೆ ಇಷ್ಟವಾದ ಪಟ್ಟಿಯೇ ಕಿವಿಗೆ ಬಿತ್ತು, ಸಮಾಧಾನವಾಯಿತು, ಕಳಿಸಿದಿರಿ. ಅವಳಿಗೋ, ಪೆಟ್ಟಿನ ಮಂಪರಿನಲ್ಲಿ ಹಳೆಯದೇ ಬಾಯಿಗೆ ಬಂತು. ಇಬ್ಬರದೂ ತಿಳಿಯದೆ ಆದ ತಪ್ಪು ಎಂದುಕೊಂಡೆ. ಕಾರ್ಯದರ್ಶಿ ಚನ್ನವೀರೇಶ್ ಫೋನು ಮಾಡಿ, "ಮೇಡಂ, ಸಾರ್ ಸರಿಯಾಗಿ ಚೆಕ್ ಮಾಡೇ ಕಳಿಸಿದ್ರು ಅಂತ ನೀವೊಂದು ಮಾತು ಹೇಳ್ಬಿಡಿ, ತಾಯಿನೇ ಹೇಳಿದ್ಮೇಲೆ ಮುಗಿದೋಯ್ತು" ಅಂದಾಗ ಆಗಲಿ ಅಂದೆ. ಆ ಮಾತನ್ನು ಇನ್ನೂ ಹಿಂದಕ್ಕೆ ತೆಗೆದುಕೊಂಡಿಲ್ಲ.

ಆದರೆ ಕಾಮಾಕ್ಷಿಪಾಳ್ಯದಿಂದ ಬರುವ ಚೈತ್ರಳನ್ನು ಈಗ ಗೋಲಿಗೆ ನಿಲ್ಲಿಸಿದ್ದೀರಂತೆ. ನಿನ್ನೆ ಅವಳ ತಾಯಿ ಸಿಂಚನಾಳನ್ನು ನೋಡಲು ಮೂಸಂಬಿ ಹಿಡಿದುಕೊಂಡು ಬಂದಿದ್ದರು. ಗಾರ್ಮೆಂಟ್ಸಿನಲ್ಲಿ ಶಿಫ್ಟು ಮುಗಿಸಿ ನೇರವಾಗಿ ಬಂದಿದ್ದರು. "ನಮ್ಮುಡುಗಿಗೂ ಸಾರ್ ಅದೇನೋ ಹೆಸರುಗಳ್ನ ಬಾಯಿಪಾಠ ಮಾಡಿಸ್ತಾವ್ರೆ ಅಕ್ಕಾ. ನಿದ್ದೇಲೂ ಹೇಳ್ತಾಳೆ" ಎಂದು ಹೆಮ್ಮೆಯಿಂದ ಹೇಳಿದರು. ನಾನು ಕಾಫಿ ಸೋಸುವ ನೆಪದಲ್ಲಿ ಒಳಗೆ ಹೋದೆ.

ಅದಕ್ಕೆ ನಿಮ್ಮನ್ನು ಒಂದೇ ಒಂದು ಕೇಳುತ್ತೇನೆ. ಅವಳು ಸಾಚುಕ್ ಅಂದಾಗ, ತಪ್ಪು ಎಂದು ನಿಮಗೆ ಗೊತ್ತಾಯಿತೋ ಇಲ್ಲವೋ? ಇಲ್ಲ ಎಂದು ಬರೆದರೆ ನಂಬುತ್ತೇನೆ. ಬುಧವಾರ ಚನ್ನವೀರೇಶ್ ಕೇಳಿದ ಮಾತನ್ನೇ ಹೇಳಿ ಮನೆಗೆ ಬರುತ್ತೇನೆ.

ನಿಮ್ಮ ಬೂದು ಸ್ವೆಟರು ಇಲ್ಲೇ ಉಳಿದಿದೆ. ಬೆಳಿಗ್ಗೆ ರಿಂಕಿನಲ್ಲಿ ಚಳಿಯಿರುತ್ತದೆ, ಬಂದು ತೆಗೆದುಕೊಂಡು ಹೋಗಿ.

ಉತ್ತರಕ್ಕಾಗಿ ಕಾಯುವ,
ಕುಸುಮಾ

ಮರೆತಿದ್ದು: ಸಂಜೆಯಾಯಿತು, ಲಕೋಟೆ ಇನ್ನೂ ಅಂಟಿಸಿರಲಿಲ್ಲ. ಸಿಂಚನಾ ಎದ್ದು ಪಟ್ಟಿ ಓದು ಅಂದಳು. ಇವತ್ತು ಭಾನುವಾರ ಎಂಬುದು ಅವಳಿಗೆ ನೆನಪಿದೆ. ಪ್ಲಾಂಟ್‌ನಿಂದ ಓದಿದೆ. ಅವಳು ಕಣ್ಣು ಮುಚ್ಚಿಕೊಂಡೇ, "ಅವತ್ತು ನಾನು ಬೇಕಂತಲೇ ಹಳೇದು ಹೇಳಿದೆ ಅಮ್ಮ. ತಲೆ ತುಂಬಾ ನೋಯ್ತಿತ್ತು. ತಪ್ಪು ಹೇಳಿದ್ರೆ ಅಪ್ಪ ಇಳಿಸ್ತಾರೆ ಅಂದ್ಕೊಂಡೆ" ಅಂದಳು. ನೋಯುತ್ತಿದೆ ಎಂದೇ ಹೇಳಬಹುದಿತ್ತಲ್ಲ ಮಗಳೇ ಎಂದೆ. "ಕೀಪರ್ ಹಾಗನ್ನಲ್ಲ" ಅಂದಳು. ನೀವು ಏನು ಮಾಡಿದಿರಿ ಎಂದು ಕೇಳಿದೆ. "ನನ್ನ ಮುಖಾನೇ ನೋಡ್ತಾ ಇದ್ರು. ಆಮೇಲೆ ಹೆಲ್ಮೆಟ್ಟಿನ ಪಟ್ಟಿ ಬಿಗಿ ಮಾಡಿ, ನಿಂತ್ಕೋ ಹೋಗು ಅಂದ್ರು. ಅಪ್ಪಂಗೆ ಹೇಳ್ಬೇಡ ಅಮ್ಮ, ಬೇಜಾರು ಮಾಡ್ಕೋತಾರೆ" ಅಂದಳು.

ಮೇಲೆ ಕೇಳಿದ ಪ್ರಶ್ನೆಗೆ ಉತ್ತರ ಬರೆಯುವುದು ಬೇಡ. ಬುಧವಾರ ಸಮಿತಿಯ ಎದುರು ಅವಳು ಹೇಳಿದ್ದನ್ನೇ ಹೇಳುತ್ತೇನೆ. ಚೈತ್ರಳ ತಾಯಿಯನ್ನೂ ಬರಹೇಳಿ ಪಕ್ಕದಲ್ಲಿ ಕೂರಿಸಿಕೊಳ್ಳುತ್ತೇನೆ. ಸಿಂಚನಾಗೆ ಇನ್ನೂ ತಿಳಿಸಿಲ್ಲ.