ಮಿಂಚುಳ್ಳಿಗೆ ‘ಇಲ್ಲಿ ನೋಡಿ’ ಅಂದಿದ್ದು

ಗೌರಿಬಿದನೂರು
21 ಜನವರಿ 2025

ಪ್ರೀತಿಯ ಸಾಬ್ರೀನ್ ಬೇಟಿಗೆ ಅಮ್ಮಿಯ ಸಲಾಂ.

ಹೇಗಿದ್ದೀಯಮ್ಮಾ? ಮಜರ್ ಅವರ ಸೊಂಟನೋವು ಇಳಿಯಿತೇ? ದಿನವೆಲ್ಲ ಬೈಕಿನ ಮೇಲೆ ತಿರುಗುವ ಕೆಲಸ, ನೋಯದೆ ಇನ್ನೇನು. ರಾತ್ರಿ ಬಿಸಿನೀರಿನ ಚೀಲ ಇಟ್ಟುಕೊಳ್ಳಲು ಹೇಳು. ನಿಮ್ಮತ್ತೆಯವರ ಶುಗರ್ ಹತೋಟಿಯಲ್ಲಿದೆಯೇ? ಇನಾಯಾಳ ಕೆಮ್ಮು ನಿಂತಿತೋ ಇಲ್ಲವೋ? ಆ ರಾಯಚೂರಿನ ಧೂಳಿನಲ್ಲಿ ಮಗುವನ್ನು ಆಟಕ್ಕೆ ಬಿಡುವಾಗ ಮೂಗಿಗೊಂದು ಬಟ್ಟೆ ಕಟ್ಟು, ನಗುವವರು ನಗಲಿ. ಇಲ್ಲಿ ನಿನ್ನ ಅಬ್ಬಾ ಚೆನ್ನಾಗಿದ್ದಾರೆ, ಅಂದರೆ ಎಲ್ಲದಕ್ಕೂ ತಪ್ಪು ಹುಡುಕುವಷ್ಟು ಚೆನ್ನಾಗಿದ್ದಾರೆ. ನೂಮಾನ್‌ಗೆ ಸ್ವಲ್ಪ ಶೀತ. ನಾನೂ ಚೆನ್ನಾಗಿದ್ದೇನೆ ಅಂತ ಸದ್ಯಕ್ಕೆ ಇಟ್ಟುಕೋ.

ಫೋನಿದ್ದೂ ಈ ಅಮ್ಮಿ ಕಾಗದ ಬರೆಯುತ್ತಾಳಲ್ಲ ಎಂದು ನೀನು ಆಶ್ಚರ್ಯಪಡಬಹುದು. ಒಂದು, ಫೋನಿನಲ್ಲಿ ನೀನು ನನಗೆ ಮಾತಾಡಲು ಬಿಡುವುದಿಲ್ಲ. ಎರಡು, ಈ ಲಕೋಟೆಯಲ್ಲಿ ಒಂದು ಫೋಟೋ ಇಟ್ಟಿದ್ದೇನೆ. ವಾಟ್ಸಾಪಿನಲ್ಲಿ ಕಳಿಸಿದರೆ ಅದರ ಜೀವವೇ ಹೋಗುತ್ತದೆ. ಕಾಗದದ ಮೇಲೆ ತೆಗೆಸಿ, ಮಡಿಕೆ ಬೀಳದ ಹಾಗೆ ರಟ್ಟಿನ ನಡುವೆ ಇಟ್ಟಿದ್ದೇನೆ. ಮೊದಲು ಕಾಗದ ಓದು, ಆಮೇಲೆ ಫೋಟೋ ನೋಡು. ಈಗಾಗಲೇ ನೋಡಿಬಿಟ್ಟಿದ್ದೀಯ, ನನಗೆ ಗೊತ್ತು.

ಸ್ಟುಡಿಯೋ ವಿಷಯ ನಿನಗೆ ತಿಳಿದೇ ಇದೆ. ಮುಂದೆ ನೂಮಾನ್‌ನ ಮೊಬೈಲ್ ಅಂಗಡಿ, ಹಿಂದೆ ಪರದೆ ಹಾಕಿದ ನನ್ನ ಹೆಂಗಸರ ಕೋಣೆ. ಗಂಡಸರ ಎದುರು ಮುಸುಕು ತೆಗೆಯಲು ಒಪ್ಪದವರು, ಪಾಸ್‌ಪೋರ್ಟಿಗೋ ಪರೀಕ್ಷೆಯ ಅರ್ಜಿಗೋ ಫೋಟೋ ಬೇಕಾದಾಗ ಇವತ್ತಿಗೂ ನನ್ನ ಹತ್ತಿರವೇ ಬರುತ್ತಾರೆ. ನಮ್ಮವರು ಮಾತ್ರವಲ್ಲ, ನಾಚಿಕೆಯ ಹುಡುಗಿಯರೆಲ್ಲ ಬರುತ್ತಾರೆ. ಕಳೆದ ದೀಪಾವಳಿಯ ಹೊತ್ತಿಗೆ ಒಬ್ಬ ಕಾಲೇಜು ಹುಡುಗಿಯ ಫೋಟೋ ಮಸುಕಾಗಿದೆ ಎಂದು ವಾಪಸು ಬಂತು. ಆಮೇಲೆ ಇನ್ನೊಬ್ಬಳದು. ನೂಮಾನ್ ನನ್ನ ಕೈ ಹಿಡಿದು ನೋಡಿ, “ಅಮ್ಮಿ, ನಿನ್ನ ಕೈ ನಡುಗುತ್ತಾ ಇದೆ. ಸಾಕು ಮಾಡು. ರಂಜಾನ್ ಮುಗಿದ ಮೇಲೆ ಆ ಕೋಣೆಯ ಗೋಡೆ ಒಡೆದು ಅಂಗಡಿ ದೊಡ್ಡದು ಮಾಡೋಣ” ಅಂದ. ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ಆದರೆ ಗೋಡೆ ಒಡೆದರೆ ಆ ಹುಡುಗಿಯರು ಎಲ್ಲಿಗೆ ಹೋಗಬೇಕು? ನಾನಾದರೂ ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗಲಿ? ಅದನ್ನೇ ನಿನಗೆ ಫೋನಿನಲ್ಲಿ ಹೇಳಿಕೊಂಡೆ, ನೀನು ನನ್ನನ್ನು ಒಂದು ಮಾತೂ ಕೇಳದೆ ಆ ಹಕ್ಕಿ ಫೋಟೋ ಕಾರ್ಯಾಗಾರಕ್ಕೆ ನನ್ನ ಹೆಸರು ಬರೆಸಿಬಿಟ್ಟೆ. ನೂಮಾನ್ ನಕ್ಕು, “ಹಾರೋ ಹಕ್ಕಿದು ಒಂದೇ ಒಂದು ಶಾರ್ಪ್ ಫೋಟೋ ತಗೊಂಡು ಬಾ ಅಮ್ಮಿ, ಗೋಡೆ ಮಾತೇ ಎತ್ತಲ್ಲ” ಅಂದ. ನಿನ್ನ ಅಬ್ಬಾ ಪೇಪರಿನಿಂದ ತಲೆ ಎತ್ತದೆ, “ಹಕ್ಕಿಗೆ ಎಷ್ಟು ಕಾಪಿ ಬೇಕಂತೆ?” ಅಂತ ಕೇಳಿದರು.

ಭಾನುವಾರ ಬೆಳಕು ಹರಿಯುವ ಹೊತ್ತಿಗೆ ವಿದುರಾಶ್ವತ್ಥಕ್ಕೆ ಹೋದೆವು. ಕಲಿಸುವವಳು ಗೌತಮಿ, ಚಿಕ್ಕಬಳ್ಳಾಪುರದ ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ, ನಿನ್ನ ವಯಸ್ಸೇ ಇರಬೇಕು. ಕಲಿಯಲು ಬಂದವರು ನಾವು ನಾಲ್ಕೈದು ಜನ. ಅವರಲ್ಲಿ ನರಸಿಂಹಮೂರ್ತಿ ಎಂಬ ರಿಟೈರಾದ ಮೇಷ್ಟರು ಕಾಡಿನ ಬಣ್ಣದ ಟೋಪಿ, ಕಾಡಿನ ಬಣ್ಣದ ಪ್ಯಾಂಟು, ಒನಕೆಯಷ್ಟು ಉದ್ದದ ಲೆನ್ಸು ಎಲ್ಲ ತಂದಿದ್ದರು. ನಾನು ರಾಣಿ ಬಣ್ಣದ ದುಪಟ್ಟಾ ಹೊದ್ದುಕೊಂಡು ಹೋಗಿದ್ದೆ. ಗೌತಮಿ ನೋಡಿ, “ಆಂಟಿ, ಇದು ಹಕ್ಕಿಗೆ ಮೈಲಿ ದೂರದಿಂದ ಕಾಣ್ಸುತ್ತೆ” ಎಂದು ತನ್ನ ಮಣ್ಣುಬಣ್ಣದ ಶಾಲು ಕೊಟ್ಟಳು. ಪಿನಾಕಿನಿಯಲ್ಲಿ ಈ ಸಲ ನೀರಿದೆ ಬೇಟಿ. ಹೊಳೆ ಎನ್ನುವಷ್ಟಲ್ಲ, ಆದರೂ ಮರಳಿನ ನಡುವೆ ಅಲ್ಲಲ್ಲಿ ಮಡು ನಿಂತು, ಪಕ್ಕದಲ್ಲಿ ಜೊಂಡು ಬೆಳೆದಿದೆ. ನಾವೆಲ್ಲ ಮರಳಿನ ಮೇಲೆ ಹೊಟ್ಟೆ ಊರಿ ಮಲಗಿದೆವು. ಕುರಿ ಹೊಡೆದುಕೊಂಡು ಬಂದ ಒಬ್ಬ ಮುದುಕಿ ನಮ್ಮನ್ನು ನೋಡಿ, “ಏಮ್ಮಾ, ಏಮಿ ಪಾರೇಸುಕುನ್ನಾರು?” ಎಂದಳು. ನಾವು ಏನನ್ನೋ ಬೀಳಿಸಿಕೊಂಡು ಹುಡುಕುತ್ತಿದ್ದೇವೆ ಎಂದುಕೊಂಡಿದ್ದಳು ಪಾಪ. ಹಕ್ಕಿಗೋಸ್ಕರ ಎಂದಾಗ, ಈ ಚಳಿಯಲ್ಲೇ ಎಂದು ಕೆನ್ನೆ ಮೇಲೆ ಕೈ ಇಟ್ಟುಕೊಂಡು ಹೋದಳು.

ಅಷ್ಟರಲ್ಲಿ ಬಂತು ನೋಡು, ಕಪ್ಪು ಬಿಳಿ ಮಿಂಚುಳ್ಳಿ. ನಮ್ಮ ಮನೆ ಹಿಂದೆ ತಂತಿ ಮೇಲೆ ಕೂರುವ ನೀಲಿಯದಲ್ಲ. ಇದು ಗಾಳಿಯಲ್ಲಿ ನಿಂತಲ್ಲೇ ನಿಲ್ಲುತ್ತದೆ. ರೆಕ್ಕೆ ಬಡಿಯುತ್ತಲೇ ಇರುತ್ತದೆ, ತಲೆ ಮಾತ್ರ ಅಲುಗುವುದಿಲ್ಲ, ಕೊಕ್ಕು ನೇರ ನೀರಿಗೆ. ಪೀಠದ ಮೇಲೆ ಕೂರಿಸಿದ ಮದುಮಗಳಿಗಿಂತ ಚೆನ್ನಾಗಿ ನಿಂತಿತ್ತು. ಎಲ್ಲರೂ ಉಸಿರು ಬಿಗಿಹಿಡಿದಿದ್ದಾರೆ. ನಾನು ಬಟನ್ ಮೇಲೆ ಬೆರಳಿಟ್ಟೆ, ಬಾಯಿಂದ ತಾನಾಗಿ ಜೋರಾಗಿ ಬಂತು: “ರೆಡೀನಾ? ಇಲ್ಲಿ ನೋಡಿ!”

ಮಿಂಚುಳ್ಳಿ ಕಿಚಕಿಚ ಎಂದು ಆಚೆ ದಡಕ್ಕೆ ಹೋಯಿತು. ನರಸಿಂಹಮೂರ್ತಿ ಮೇಷ್ಟರು ಟೋಪಿ ತೆಗೆದು ಮರಳಿಗೆ ಹೊಡೆದರು. “ಏನ್ ತಾಯಿ, ಅದ್ಕೇನು ಪಾಸ್‌ಪೋರ್ಟ್ ಫೋಟೋ ತೆಗೀತಿದ್ದೀರಾ? ಗಲ್ಲ ಸ್ವಲ್ಪ ಕೆಳಗೆ ಅನ್ನೋದೊಂದು ಬಾಕಿ ಇತ್ತು!” ನಾಚಿಕೆಯಿಂದ ಸತ್ತೆ. ಇಷ್ಟು ವರ್ಷ ಆ ಮಾತು ಹೇಳದೆ ನಾನು ಒಂದು ಫೋಟೋ ತೆಗೆದವಳಲ್ಲ, ಏನು ಮಾಡಲಿ? ಹಕ್ಕಿ ಮತ್ತೆ ಬಂತು. ನಾನು ಮತ್ತೆ “ರೆಡೀ...” ಅಂದೆ. ಅದು ಮತ್ತೆ ಹಾರಿತು, ಮೇಷ್ಟರು ಲೆನ್ಸು ಎತ್ತಿಕೊಂಡು ನನ್ನಿಂದ ನಾಲ್ಕು ಮಾರು ಆಚೆ ಹೋಗಿ ಮಲಗಿದರು. ಕೊನೆಗೆ ಪರ್ಸಿನಿಂದ ಒಂದು ಏಲಕ್ಕಿ ತೆಗೆದು ಹಲ್ಲಿನ ನಡುವೆ ಕಚ್ಚಿಕೊಂಡೆ. ಏಲಕ್ಕಿ ಬೀಳಬಾರದು ಎಂಬ ಭಯಕ್ಕೆ ಬಾಯಿ ಮುಚ್ಚಿಕೊಂಡಿತು. ಗೌತಮಿ ಶಾಲಿನೊಳಗೆ ಮುಖ ಹುದುಗಿಸಿ ನಗುತ್ತಿದ್ದಳು.

ಬಾಯಿಯ ತೊಂದರೆ ಮುಗಿಯಿತು, ಫೋಟೋದ ತೊಂದರೆ ಮುಗಿಯಲಿಲ್ಲ. ಕ್ಯಾಮೆರಾವನ್ನು ಅದರ ಪಾಡಿಗೆ ಬಿಟ್ಟರೆ ಮುಂದಿನ ಜೊಂಡನ್ನು ಹಿಡಿದುಕೊಳ್ಳುತ್ತದೆ, ಹಕ್ಕಿಯನ್ನು ಬಿಡುತ್ತದೆ. ಅದಕ್ಕೇ ಸ್ಟುಡಿಯೋದಲ್ಲಿ ಮಾಡುವ ಹಾಗೆ ಕೈಯಿಂದಲೇ ರಿಂಗು ತಿರುಗಿಸಿ ಫೋಕಸ್ ಮಾಡಿದೆ. ತೆಗೆದಿದ್ದೆಲ್ಲ ಮಸುಕು. ಹಕ್ಕಿ ಹೊಗೆಯಲ್ಲಿ ಅದ್ದಿದ ಹಾಗೆ. ಬಿಸಿಲೇರುತ್ತಿತ್ತು, ನನಗೆ ನೂಮಾನ್‌ನ ಗೋಡೆಯೇ ಕಣ್ಣ ಮುಂದೆ. ಕೈ ನಡುಗುತ್ತದಮ್ಮಾ, ಇದು ನನ್ನಿಂದಾಗದು ಎಂದು ಕ್ಯಾಮೆರಾ ಚೀಲಕ್ಕೆ ಹಾಕುತ್ತಿದ್ದೆ. ಗೌತಮಿ ಪಕ್ಕಕ್ಕೆ ತೆವಳಿ ಬಂದು, “ಆಂಟಿ, ಕೈ ಚಾಚಿ” ಎಂದು ನನ್ನ ಅಂಗೈ ಮೇಲೆ ಲೆನ್ಸಿನ ಮುಚ್ಚಳ ಇಟ್ಟಳು. ಅದು ಅಲುಗಲಿಲ್ಲ. “ನೋಡಿ, ಕೈ ಕಲ್ಲಿನಂಗಿದೆ. ಎಡಗಣ್ಣಲ್ಲಿ ನೋಡಿ ತೆಗೀರಿ ಒಂದ್ಸಲ.” ಎಡಗಣ್ಣು ಇಟ್ಟರೆ ಮೂಗು ಅಡ್ಡ ಬರುತ್ತದೆ, ಎಡಗೈಯಲ್ಲಿ ಊಟ ಮಾಡಿದ ಹಾಗೆ ಮುಜುಗರ. ಆದರೆ ಇಟ್ಟೆ. ಬೇಟಿ, ಜೊಂಡಿನ ಒಂದೊಂದು ಎಳೆಯೂ ಬೇರೆ ಬೇರೆ ಕಂಡಿತು! ಮಿಂಚುಳ್ಳಿ ಬಂತು, ನಿಂತಿತು, ಏಲಕ್ಕಿ ಹಲ್ಲಿಗೆ ಸಿಕ್ಕಿ ಪುಡಿಯಾಯಿತು, ನಾನು ಒತ್ತಿದೆ.

ಅದೇ ಫೋಟೋ ನಿನ್ನ ಕೈಯಲ್ಲಿರುವುದು. ಅದರ ಕಣ್ಣಿನಲ್ಲಿ ಬೆಳಕಿನ ಚುಕ್ಕೆ ನೋಡು, ಎದೆಯ ಮೇಲೆ ನೀರಿನ ಹನಿ ನೋಡು. ನರಸಿಂಹಮೂರ್ತಿ ಮೇಷ್ಟರು ನೋಡಿ, “ನಾಳೆಯಿಂದ ನಾನೂ ಏಲಕ್ಕಿ ತರ್ತೀನಿ ತಾಯಿ” ಅಂದರು, ಒಳ್ಳೆಯ ಮನುಷ್ಯ. ನೂಮಾನ್ ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ದೊಡ್ಡದು ಮಾಡಿ ನೋಡಿ, “ಆ ಮೇಡಂ ತೆಗೆದುಕೊಟ್ಟಿದ್ದು ಅಲ್ಲ ತಾನೆ?” ಎಂದ. ಆಮೇಲೆ ತಾನೇ ಪ್ರಿಂಟ್ ತೆಗೆದು ನನ್ನ ಕೋಣೆಯ ಪರದೆಯ ಪಕ್ಕ ಅಂಟಿಸಿದ. ನಿನ್ನ ಅಬ್ಬಾ ಮಾತ್ರ, “ನನ್ನನ್ನು ಒಂದು ದಿನವೂ ಇಷ್ಟು ಚೆನ್ನಾಗಿ ತೆಗೆಯಲಿಲ್ಲ” ಎಂದು ಮುಖ ಊದಿಸಿಕೊಂಡಿದ್ದಾರೆ.

ಮಜರ್ ಅವರಿಗೆ, ನಿಮ್ಮತ್ತೆಯವರಿಗೆ ನನ್ನ ಸಲಾಂ. ಇನಾಯಾಳ ಎರಡೂ ಕೆನ್ನೆಗೆ ಮುತ್ತು. ಅಲ್ಲಾಹ್ ನಿಮ್ಮೆಲ್ಲರನ್ನೂ ಸುಖವಾಗಿಟ್ಟಿರಲಿ.

ನಿನ್ನ ಅಮ್ಮಿ,
ದಿಲ್ಷಾದ್ ಬೇಗಂ

ತಾ.ಕ.: ಲಕೋಟೆ ಅಂಟಿಸುವ ಮೊದಲು ಇದನ್ನೂ ಬರೆದುಬಿಡುತ್ತೇನೆ. ನಿನ್ನೆ ಗೌತಮಿಯ ಜೊತೆ ಚಿಕ್ಕಬಳ್ಳಾಪುರಕ್ಕೆ ಹೋಗಿ ಕಣ್ಣು ತೋರಿಸಿಕೊಂಡು ಬಂದೆ. ಬಲಗಣ್ಣಿಗೆ ಪೊರೆ ಬಂದಿದೆಯಂತೆ, ಆಪರೇಷನ್ ಮಾಡಬೇಕಂತೆ. ಡಾಕ್ಟರು ಟಾರ್ಚ್ ಹಿಡಿದು “ಅಮ್ಮಾ, ಇಲ್ಲಿ ನೋಡಿ” ಅಂದರು. ಆ ಮಾತನ್ನು ನನಗೆ ಇನ್ನೊಬ್ಬರು ಹೇಳಿದ್ದು ಅದೇ ಮೊದಲು ಕಣೇ. ಎದುರಿಗೆ ಕೂತ ಹುಡುಗಿಯರು ಯಾಕೆ ಅಷ್ಟು ಬಿಗಿಯಾಗುತ್ತಾರೆ ಎಂದು ಈಗ ಗೊತ್ತಾಯಿತು. ಮನೆಯಲ್ಲಿ ಇನ್ನೂ ಹೇಳಿಲ್ಲ. ಹೇಳಿದರೆ ಮತ್ತೆ ಗೋಡೆಯ ಮಾತು ಬರುತ್ತದೆ. ಕಣ್ಣು ವಾಸಿಯಾಗುವವರೆಗೆ ಆ ಕೋಣೆಯಲ್ಲಿ ಕೂರಲು ಒಬ್ಬ ಹೆಣ್ಣುಮಗಳು ಬೇಕು. ಪರೀಕ್ಷೆಯ ಅರ್ಜಿಗಳ ಕಾಲ, ಹುಡುಗಿಯರು ಬರುತ್ತಲೇ ಇದ್ದಾರೆ. ಲೈಟು ಎಲ್ಲಿಡಬೇಕು, ಸ್ಟೂಲು ಎಷ್ಟು ದೂರ, ಎಲ್ಲ ನಿನಗೆ ಚಿಕ್ಕವಳಿದ್ದಾಗಲೇ ಕಲಿಸಿದ್ದೇನೆ, ಮರೆತಿರಲಾರೆ. ಇನಾಯಾಳನ್ನೂ ಕರೆದುಕೊಂಡು ಬರುತ್ತೀಯಾ? ಬರುತ್ತೇನೆ ಎಂದರೆ ಅವತ್ತೇ ನೂಮಾನ್‌ಗೂ ಅಬ್ಬಾಗೂ ನಾನೇ ಹೇಳುತ್ತೇನೆ. ಆಗುವುದಿಲ್ಲ ಎಂದರೆ ಅದನ್ನಾದರೂ ಬೇಗ ಬರೆ. ನಿನ್ನ ಕಾಗದವನ್ನು ಎಡಗಣ್ಣಿನಲ್ಲಿ ಓದಿಕೊಳ್ಳುತ್ತೇನೆ, ಅಕ್ಷರ ಸ್ವಲ್ಪ ದೊಡ್ಡದಿರಲಿ.