ಜೂನ್ ಒಂದಕ್ಕೆ ಹುಟ್ಟಿದವರು

ವಾದಿ ಅದಾಯ್, ಮಸ್ಕತ್
೨೧ ನವೆಂಬರ್ ೨೦೨೫, ಶುಕ್ರವಾರ ಬೆಳಿಗ್ಗೆ

ಪ್ರೀತಿಯ ಶಂಕ್ರೆಪ್ಪಣ್ಣಾ,

ನಿನ್ನ ತಮ್ಮ ಸಿದ್ದೂನ ನಮಸ್ಕಾರ. ಹೆಂಗದಿ? ಬಿ.ಪಿ. ಗುಳಿಗಿ ಹೊತ್ತಿಗೆ ಸರಿಯಾಗಿ ತಗೋತೀಯೋ, ಇಲ್ಲಾ ವೈನಿಯವರು ನೆನಪು ಮಾಡಿದ್ರ ಅವರ ಮ್ಯಾಲೇ ಹಾರಾಡ್ತೀಯೋ? ಅವರ ಮೊಣಕಾಲು ನೋವು ಕಡಿಮಿ ಆತೇನು? ಅದಕ್ಕಂತ ನಮ್ಮ ಮನಿಯಾಕಿ ಪ್ರತಿಮಾ ಒಂದು ಎಣ್ಣಿ ಬಾಟ್ಲಿ ಕಳಿಸ್ಯಾಳ, ಬಿಸಿ ಮಾಡಿ ತಿಕ್ಕಬೇಕಂತ. ನಾವಿಲ್ಲಿ ಆರಾಮ ಅದೀವಿ ಅಂತ ಬರಿಯೂದು ಪದ್ಧತಿ, ಅದಕ್ಕ ಬರದೀನಿ. ಎರಡು ತಿಂಗಳಾತು, ನೀ ನನ್ನ ಫೋನ್ ಎತ್ತವಲ್ಲಿ, ವಾಟ್ಸಾಪಿನಾಗೂ ಬ್ಲಾಕ್ ಮಾಡೀದಿ. ಸಿರಿಲ್ ಇವತ್ತು ಸಂಜಿ ವಿಮಾನಕ್ಕ ಮಂಗಳೂರಿಗೆ ಹೊಂಟಾನ, ಅಲ್ಲಿಂದ ಈ ಕಾಗದ, ಬಾಟ್ಲಿ ಎರಡೂ ಗದಗಿಗೆ ಟಪಾಲು ಮಾಡ್ತಾನ. ಕಾಗದಾನ ಬ್ಲಾಕ್ ಮಾಡಾಕ ಬರಂಗಿಲ್ಲ, ಹರದು ಒಗೀಬಹುದು ಅಷ್ಟ. ಹರಿಯೂಕಿಂತ ಮೊದಲ ಒಮ್ಮೆ ಓದು.

ಸಿರಿಲ್ ಅಂದ್ರ ಹನ್ನೊಂದು ವರ್ಷ ನನ್ನ ಜೋಡಿ ಒಮಾನ್ ತಂಡಕ್ಕ ಇನಿಂಗ್ಸ್ ಚಾಲೂ ಮಾಡಿದಾಂವ. ನಮ್ಮ ಹಿಂದ ಮೂರನೇ ನಂಬರಿಗೆ ಭಟ್ಕಳದ ಶರ್ಫುದ್ದೀನ್ ಬರ್ತಿದ್ದ. ಪೇಪರಿನವರು ನಮಗ ಮೂರು ಕಂಬ ಅಂತ ಹೆಸರಿಟ್ಟಿದ್ರು. ಈಗ ಮೂರೂ ಕಂಬ ಕಿತ್ತು ಹೊರಗ ಹಾಕ್ಯಾರ. ಸಿರಿಲ್ ಹೆಂಡತಿ ಮಕ್ಕಳನ್ನ ಹೋದ ತಿಂಗಳಾ ಕಳಿಸಿ, ಫ್ರಿಜ್ಜು ಸೋಫಾ ಮಾರಿ, ಇವತ್ತು ತಾನೂ ಹೊಂಟ. ಶರ್ಫುದ್ದೀನ್ ಇಬ್ರಾ ಅನ್ನೂ ಊರಾಗ ಅವನ ಮಾವನ ಅಂಗಡಿಯಾಗ ಕುಂದರ್ತಾನ. ಉಳಿದಾಂವ ನಾನು.

ನೀ ಊರಾಗ 'ನಮ್ಮ ಸಿದ್ದೂಗೇನು ಕಡಿಮಿ, ಒಂದು ದೇಶದ ತಂಡಕ್ಕ ಆಡ್ತಾನ, ರಾಜನಂಗ ಅದಾನ' ಅಂತ ಹೇಳ್ಕೋತ ತಿರಗ್ತಿ. ರಾಜನ ದಿನಚರಿ ಕೇಳು. ಬೆಳಿಗ್ಗೆ ಏಳಕ್ಕ ಘಾಲಾದಾಗ ಕಂಪನಿ ಸ್ಟೋರಿಗೆ ಹೋಗಿ ಲಾರಿ ಬೇರಿಂಗು, ಆಯಿಲ್ ಫಿಲ್ಟರು ಜೋಡಿಸೂದು. ಮೂರಕ್ಕ ಅಲ್ಲಿಂದ ಬಿಟ್ಟು ಅಮೆರಾತ್ ಮೈದಾನಕ್ಕ ಓಡೂದು, ಕತ್ತಲಾಗೂ ಮಟ ನೆಟ್ಸು. ಮೇ ತಿಂಗಳಾಗ ಹೆಲ್ಮೆಟ್ಟಿನೊಳಗ ತಲಿ ಕುದೀತೈತಿ. ನನ್ನ ವೀಸಾದ ಮ್ಯಾಲೆ ಬರದದ್ದು ಸ್ಟೋರ್ ಸೂಪರ್‌ವೈಸರ್ ಅಂತ. ಖರೇ ಹೇಳ್ಬೇಕಂದ್ರ ಕಂಪನಿಯವರು ನನ್ನ ಇಟ್ಕೊಂಡದ್ದು ಆಟಕ್ಕ. ಲೀಗಿನಾಗ ಅವರ ತಂಡಕ್ಕ ಆಡಬೇಕು, ದೇಶದ ತಂಡದಾಗ ಅವರ ಮನುಷ್ಯ ಒಬ್ಬ ಇರಬೇಕು. ಆ ಹೆಸರಿಗೆ ವರ್ಷಕ್ಕ ಮೂರು ತಿಂಗಳು ರಜಾ ಕೊಟ್ಟು ಕಳಸ್ತಿದ್ರು. ತಂಡದಿಂದ ಹೊರಗ ಬಿದ್ದಾಂವ ಅವರಿಗೆ ಬರೇ ಬೇರಿಂಗ್ ಜೋಡಿಸೂ ಮನುಷ್ಯ. ಅಂಥವರು ಇಲ್ಲಿ ಓಣಿಗೆ ಹತ್ತು ಮಂದಿ ಸಿಗ್ತಾರ.

ಜುಲೈದಾಗ ಹೊಸಾ ಕೋಚ್ ಬಂದ್ರು. ಮೀಟಿಂಗ್ ಕರದು, ಮುಂದಿನ ವಿಶ್ವಕಪ್ಪಿನ ತಯಾರಿ ಅಂತ ಗೋಡಿ ಮ್ಯಾಲೆ ಚಿತ್ರಾ ತೋರಿಸಿ, ಜನವರಿ ಒಂದರಿಂದ ನಲವತ್ತು ತುಂಬಿದವರಿಗೆ ತಂಡದಾಗ ಜಾಗ ಇಲ್ಲ ಅಂದ್ರು. ಶರ್ಫುದ್ದೀನ್‌ಗ ನಲವತ್ಮೂರು, ಸಿರಿಲ್‌ಗ ನಲವತ್ತೊಂದು. ನನ್ನ ಪಾಸ್‌ಪೋರ್ಟಿನಾಗ ೧-೬-೧೯೮೫, ಅಂದ್ರ ನಲವತ್ತು ತುಂಬಿ ಒಂದೂವರೆ ತಿಂಗಳು ಆಗಿತ್ತು. ನನ್ನ ಜಾಗಕ್ಕ ಬರಾಂವಗ ಇಪ್ಪತ್ತೊಂದು. ಅವ ನನಗ ಅಂಕಲ್ ಅಂತಾನ. ಕಾಲು ಮುಟ್ಟಿ ನಮಸ್ಕಾರನೂ ಮಾಡ್ತಾನ, ಅದಕ್ಕ ಬೈಯಾಕೂ ಬರಂಗಿಲ್ಲ! ಸೆಪ್ಟೆಂಬರಿನಾಗ ಒಂದು ಸಮಾರಂಭ ಮಾಡಿ ಮೂವರಿಗೂ ಶಾಲು ಹೊದಿಸಿದ್ರು, ಕೇಕಿನ ಮ್ಯಾಲೆ ಕ್ರೀಮಿನಿಂದ ಬ್ಯಾಟು ಮಾಡ್ಸಿದ್ರು. ಮರುದಿನ ಕಂಪನಿ ಮ್ಯಾನೇಜರು ಕರದು ಚಾ ಕುಡಿಸಿ, ಮಾರ್ಚ್ ಆದ ಮ್ಯಾಲೆ ವೀಸಾ ಮುಂದ ಹಾಕೂದಿಲ್ಲ, ಖಲಾಸ್ ಅಂದ್ರು. ಚಾಕ್ಕ ಸಕ್ಕರಿ ಜಾಸ್ತಿ ಹಾಕಿದ್ರು, ಅದೊಂದು ಉಪಕಾರ ಆತು.

ಪ್ರಿಯಾಂಕಾ ಈಗ ಎಂಟನೇತ್ತಾ ಮುಗಸ್ತಾಳ. ಇನ್ನೆರಡು ವರ್ಷ ಸಿಕ್ಕಿದ್ರ ಹತ್ತನೇತ್ತಾ ಇಲ್ಲೇ ಮುಗಸ್ತಿದ್ಲು. ಆಕೀಗೆ ಹೇಳಿದಾಗ 'ಪಪ್ಪಾ, ಇಟ್ಸ್ ಓಕೆ' ಅಂದು ಬಾಗಲಾ ಹಾಕ್ಕೊಂಡ್ಲು. ಪ್ರತಿಮಾ ಮಾತ್ರ ಒಂದಾ ಮಾತು ಕೇಳಿದ್ಲು, 'ನಿಮಗ ಖರೇ ನಲವತ್ತಾಗಿಲ್ಲಲ್ರೀ?' ಅಂತ. ಆಗಿಲ್ಲ ಅಣ್ಣಾ. ಅದು ನಿನಗೂ ಗೊತ್ತೈತಿ, ನನಗೂ ಗೊತ್ತೈತಿ.

ಸಾಲಿಗೆ ಹಚ್ಚಿದ ದಿನಾ ನೀನಾ ನೂರು ಸಲ ಹೇಳಿ ನಕ್ಕೀದಿ. ನೀ ಏಳು ವರ್ಷದಾಂವ, ಒಂದು ವರ್ಷದಿಂದ ಹೆಸರು ಹಚ್ಚಾಕ ಕರಕೊಂಡು ಹೋದ್ರ ಓಡಿ ಬರ್ತಿದ್ದಿ. ತಮ್ಮ ಬಂದ್ರ ಅಷ್ಟ ಹೋಗ್ತೀನಿ ಅಂತ ಹಟಾ ಹಿಡದಿ. ಅಪ್ಪ ನನ್ನೂ ಹೆಗಲ ಮ್ಯಾಲೆ ಹೊತ್ಕೊಂಡು ಹೋದ. ನನಗ ನಾಲ್ಕು ತುಂಬಿರಲಿಲ್ಲ. ಹೆಡ್ ಮಾಸ್ತರು 'ತಲಿ ಮ್ಯಾಲಿಂದ ಕೈ ಹಾಕಿ ಆ ಕಡೆ ಕಿವಿ ಮುಟ್ಟಲೇ' ಅಂದ್ರು. ಮುಟ್ಟಿದ್ರ ಆರು ವರ್ಷ ಆಗೇತಿ ಅಂತ ಲೆಕ್ಕ. ನನ್ನ ಕೈ ನೆತ್ತಿ ಮಟ ಹೋಗಿ ನಿಂತಿತು. ನೀ ಹಿಂದ ನಿಂತು ನನ್ನ ಬಟ್ಟು ಹಿಡದು ಜಗ್ಗಿದಿ, ನಾ ಕುತಗಿ ಹೊಳ್ಳಿಸಿದೆ, ಕಿವಿ ತಾಗಿತು. ಮಾಸ್ತರು ನಕ್ಕು ಇಬ್ಬರಿಗೂ ಜೂನ್ ಒಂದು, ಎಂಬತ್ತೈದು ಅಂತ ಬರದ್ರು. ನಿಂದು ಒಂದು ವರ್ಷ ಕಡಿಮಿ ಆತು, ನಂದು ಎರಡು ವರ್ಷದ ಮ್ಯಾಲೆ ಜಾಸ್ತಿ ಆತು. ಆ ಸಾಲಿಯಾಗ ಅರ್ಧಾ ಮಂದಿ ಜೂನ್ ಒಂದಕ್ಕ ಹುಟ್ಟಿದವರಾ ಇದ್ರು, ಯಾರೂ ಕೇಳಲಿಲ್ಲ. ಆ ಒಂದು ವರ್ಷ ನಿನಗ ಸರ್ಕಾರಿ ನೌಕರಿಯಾಗ ಒಂದು ವರ್ಷ ತಡಾ ರಿಟೈರ್‌ಮೆಂಟು, ಅಷ್ಟು ಜಾಸ್ತಿ ಸಂಬಳಾ, ಪ್ರಮೋಷನ್ನು. ನನ್ನ ಎರಡು ವರ್ಷ ನನ್ನ ಕುತಗಿಗೆ ಬಂದಾವ.

ಆಗಸ್ಟಿನಾಗ ನಿನಗ ಫೋನ್ ಹಚ್ಚಿ ಏನು ಕೇಳಿದ್ದೆ? ನಿನ್ನ ಹೊಲಾ ಕೇಳಲಿಲ್ಲ, ಮನಿ ಕೇಳಲಿಲ್ಲ. ಅವ್ವ ಕೆಂಚವ್ವ ನನ್ನ ಹಡದದ್ದು ಗದಗಿನ ದವಾಖಾನಿಯಾಗ, ದೀಪಾವಳಿ ಮೂರು ದಿನ ಇತ್ತು, ಅಲ್ಲಿ ಜನನದ ರಿಜಿಸ್ಟರಿನಾಗ ದಾಖಲಿ ಇರ್ತೈತಿ, ಒಂದು ನಕಲು ತಗದು ಕಳಸು ಅಂದೆ. ಹದಿನೈದು ದಿನ ಬಿಟ್ಟು ನೀ ಏನಂದಿ? 'ಆ ವರ್ಷದ ರಿಜಿಸ್ಟರು ಗೆದ್ದಲು ತಿಂದಾವಪ್ಪಾ, ಏನೂ ಮಾಡಾಕ ಬರಂಗಿಲ್ಲ.' ನಾ ನಂಬಿದೆ. ನಿನ್ನ ಮಾತು ಯಾವಾಗ ನಂಬಿಲ್ಲ ಹೇಳು? ಆಮ್ಯಾಲೆ ಮನಸ್ಸು ತಡೀಲಾರದ ಒಬ್ಬ ವಕೀಲರನ್ನ ಹಿಡದೆ. ಅವರ ಗುಮಾಸ್ತ ನಾಕು ದಿನದಾಗ ನಕಲು ತಂದ. ಗಂಡು ಮಗು, ತಾಯಿ ಕೆಂಚವ್ವ, ೧೯ ಅಕ್ಟೋಬರ್ ೧೯೮೭. ಅಕ್ಷರ ಮುತ್ತಿನಂಗ ಅದಾವ, ಗೆದ್ದಲು ಹಾಳಿ ಮೂಸಿ ಸೈತ ನೋಡಿಲ್ಲ. ಅದರ ಫೋಟೋ ನಿನಗ ಕಳಿಸಿದ ದಿನಾನಾ ನೀ ನನ್ನ ಬ್ಲಾಕ್ ಮಾಡಿದಿ.

ನೀ ಯಾಕ ಹಂಗ ಮಾಡಿದಿ ಅಂತ ನನಗ ತಿಳಿಯಂಗಿಲ್ಲೇನು? ನನ್ನ ತಾರೀಖು ಸುಳ್ಳಂತ ಆದ್ರ ಅದಾ ದಿನ, ಅದಾ ಮಾಸ್ತರು ಬರದ ನಿನ್ನ ತಾರೀಖನ್ನೂ ಯಾರರೆ ಕೇಳ್ತಾರ, ಅದು ನಿನ್ನ ಅಂಜಿಕಿ. ಅಂಜಿಕಿ ಇದ್ರ ಹೇಳ್ಬೇಕಿತ್ತು. 'ಸಿದ್ದೂ, ನನಗ ಕಷ್ಟ ಆಗ್ತೈತೋ' ಅಂತ ಒಂದು ಮಾತು ಅಂದಿದ್ರ ಬಹುಶಃ ನಾನೇ ಬಿಟ್ಟುಬಿಡ್ತಿದ್ದೆ. ಗೆದ್ದಲಿನ ಮ್ಯಾಲೆ ಹಾಕಿದೆಲ್ಲೋ! ಒಡಹುಟ್ಟಿದಾಂವ ಅನ್ನೂದು ಹೊಟ್ಟಿಯಾಗಿಂದ ಹೊರಗ ಬರೂತನಕ ಅಷ್ಟಾ ಏನು? ಆ ಸಿಟ್ಟಿನಾಗ ವಕೀಲರಿಗೆ ಹೇಳಿ ನಿನ್ನ ಹೆಸರಿಗೆ ನೋಟೀಸು ಬರಸೀನಿ. ಸಾಲಿಯಾಗ ನಮ್ಮಿಬ್ಬರದೂ ಜನ್ಮ ತಾರೀಖು ಸುಳ್ಳು ಬರಸ್ಯಾರ, ನನ್ನ ಖರೇ ತಾರೀಖು ಇದು, ಅದಕ್ಕ ನಮ್ಮಣ್ಣ ಸಾಕ್ಷಿ ಅಂತ. ದಾವಾ ಮುಗಿಯಾಕ ವರ್ಷಗಟ್ಟಲೆ ಹಿಡೀತೈತಿ, ಗೊತ್ತೈತಿ. ಆದ್ರ ಕೋರ್ಟಿನಾಗ ಹಾಕೀನಿ ಅಂತ ತೋರಿಸಿದ್ರ ಕೋಚ್ ಒಂದು ಅವಕಾಶ ಕೊಟ್ಟಾರು ಅಂತ ಆಸೆ. ನಕಲಿನ ಫೋಟೋ ಬುಧವಾರನಾ ಅವರಿಗೆ ಕಳಿಸೀನಿ.

ಬ್ಯಾಸರಾ ಮಾಡ್ಕೋಬ್ಯಾಡ ಅಂತ ಬರಿಯಾಂವ ಇದ್ದೆ, ಬರಿಯಂಗಿಲ್ಲ, ಮಾಡ್ಕೋ. ನಾ ಈ ದೇಶದ ಟೊಪಗಿ ಹಾಕ್ಕೊಂಡು ತೊಂಬತ್ತೆರಡು ಪಂದ್ಯ ಆಡೀನಿ. ನನಗ ಇನ್ನೂ ರನ್ ಅದಾವು, ಮುವ್ವತ್ತೆಂಟು ಅಂದ್ರ ಬ್ಯಾಟು ಹಿಡಿಯಾಂವಗ ಮುದಿತನ ಅಲ್ಲ. ನನ್ನ ತಗದದ್ದು ಆಟ ಅಲ್ಲ, ಒಬ್ಬ ಮಾಸ್ತರಿನ ಮಸಿ, ನಿನ್ನ ಗೆದ್ದಲು.

ವೈನಿಯವರಿಗೆ ನನ್ನ ನಮಸ್ಕಾರ, ಪ್ರತಿಮಾಂದೂ. ಮಕ್ಕಳಿಗೆ ಕಾಕಾನ ಆಶೀರ್ವಾದ. ಎಣ್ಣಿ ಬಾಟ್ಲಿ ಮುಚ್ಚಳಾ ಸಡಲ ಐತಿ, ನೆಟ್ಟಗ ಇಡ್ರಿ. ಗುಳಿಗಿ ತಪ್ಪಿಸಬ್ಯಾಡ.

ಇಂತಿ ನಿನ್ನ ತಮ್ಮ,
ಸಿದ್ದು

ತಾ.ಕ.: ಲಕೋಟಿ ಅಂಟಿಸೂದ್ರಾಗ ಕೋಚ್ ಫೋನ್ ಮಾಡಿ ನೆಟ್ಸಿಗೆ ಕರದ್ರು. ಹೋಗಿ ಈಗ ಬಂದೆ, ಮಧ್ಯಾಹ್ನ ಎರಡು ಆಗೇತಿ, ಕೆಳಗ ಸಿರಿಲ್ ಕಾರಿನ ಹಾರ್ನ್ ಬಾರಿಸಾಕತ್ಯಾನ. ಕೋಚ್ ಫೋನಿನಾಗ ನಕಲು ಇನ್ನೊಮ್ಮೆ ಓದಿ ಫೋನು ಕಿಸೆಯಾಗ ಇಟ್ರು. ಬೌಲಿಂಗ್ ಮಷೀನಿಗೆ ಆ ಇಪ್ಪತ್ತೊಂದರ ಹುಡುಗ ಆಡೂ ವೇಗಾ ಹಾಕಿ ಹತ್ತು ಚೆಂಡು ಆಡು ಅಂದ್ರು. ಎರಡು ಬ್ಯಾಟಿಗೆ ಬಿದ್ದುವು. ಒಂದು ಪಕ್ಕಡಿಗೆ ಬಡದೈತಿ, ಬರಿಯೂ ಮುಂದ ಉರಿಯಾಕತ್ತೈತಿ. ಮಷೀನು ಚೆಂಡು ಬಿಟ್ಟದ್ದು ನನಗ ಕಾಣಲೇ ಇಲ್ಲ ಅಣ್ಣಾ. ಆಮ್ಯಾಲೆ ಅವರು ಬಾಜೂಕ ಕುಂತು ಹಿಂದಿಯಾಗ ಹೇಳಿದ್ರು, 'ನಲವತ್ತರ ರೂಲು ನಾನೇ ಮಾಡಿದ್ದು. ನಿಮಗ ಚೆಂಡು ಕಾಣವಲ್ದು ಅಂತ ಮೂರು ಮಂದಿ ಮಾರಿ ನೋಡಿ ಹೇಳಾಕ ನನಗ ಬಾಯಿ ಬರಲಿಲ್ಲ. ವಯಸ್ಸಿನ ಮ್ಯಾಲೆ ಹಾಕಿದ್ರ ಯಾರ ಮರ್ಯಾದಿನೂ ಹೋಗಂಗಿಲ್ಲ ಅಂತ ಮಾಡಿದೆ.' ಸಿರಿಲ್‌ಗ ಇದು ಮೊದಲಾ ಗೊತ್ತಿತ್ತಂತ.

ವಕೀಲರಿಗೆ ನೋಟೀಸು ನಿಲ್ಲಿಸ್ರಿ ಅಂತ ಫೋನ್ ಹಚ್ಚಿದೆ. ಮೊನ್ನೆ ಬುಧವಾರನಾ ಹೋಗೇತಂತ. ನಿನ್ನ ಮನಿಗೆ ಅಲ್ಲ, ಕಚೇರಿ ವಿಳಾಸಕ್ಕ, ಮತ್ತ ನಿನ್ನ ಸಾಹೇಬರಿಗೂ ಒಂದು ಪ್ರತಿ. ವಕೀಲರು ಮನಿಗೆ ಹಾಕೂಣು ಅಂದಿದ್ರು, ಎಲ್ಲಾರೂ ನೋಡ್ಲಿ ಅಂತ ಕಚೇರಿಗೆ ಹಾಕಸಿದಾಂವ ನಾನೇ. ಈ ಕಾಗದ ನಿನಗ ಮುಟ್ಟೂದ್ರಾಗ ಕಚೇರಿಯವರು ಅದನ್ನ ಓದಿ ಮುಗಿಸಿರ್ತಾರ. ವೈನಿಯವರ ನಂಬರಿಗೆ ಹಚ್ಚಿದೆ, ಅವರು ಹಲೋ ಅಂದ್ರು, ನನಗ ಧೈರ್ಯ ಸಾಲದ ಕಟ್ ಮಾಡಿದೆ. ತಪ್ಪು ನಂದೇ ಅಂತ ಗೊತ್ತಾದ ಮ್ಯಾಲೂ ನಿನ್ನ ಮ್ಯಾಲಿನ ಸಿಟ್ಟು ಇಳಿವಲ್ದು, ಅದಕ್ಕ ನಾ ಏನು ಮಾಡ್ಲಿ, ನೀನಾ ಹೇಳು.