ಚಿಕ್ಕಮಾದು ಪಾಲು

ತಿ. ನರಸೀಪುರ
೧೦ ನವೆಂಬರ್ ೨೦೨೪, ಭಾನುವಾರ

ಮಗಳೇ ಕೋಮಲಾ,

ಹುಬ್ಬಳ್ಳಿಯಲ್ಲಿ ನೀನೂ ಮಕ್ಕಳೂ ಚೆನ್ನಾಗಿದ್ದೀರಿ ಎಂದುಕೊಂಡಿದ್ದೇನೆ. ಕುಶಲದ ಮಾತನ್ನು ಇಷ್ಟಕ್ಕೇ ಮುಗಿಸುತ್ತೇನೆ, ಬೇಸರ ಮಾಡಿಕೊಳ್ಳಬೇಡ. ಫೋನಿನಲ್ಲಿ ಹೇಳಲು ಹೊರಟರೆ ಬೈದುಬಿಡುತ್ತೇನೆ, ಇಲ್ಲವೇ ಅತ್ತುಬಿಡುತ್ತೇನೆ. ಅದಕ್ಕೇ ಕಾಗದ ಹಿಡಿದು ಕೂತಿದ್ದೇನೆ. ಮೂವತ್ತೊಂದು ವರ್ಷ, ನಿನ್ನದೂ ಸೇರಿ, ಬೇರೆಯವರ ಮಕ್ಕಳ ಅಕ್ಷರ ತಿದ್ದಿದವಳ ಅಕ್ಷರ ಹೀಗೆ ಸೊಟ್ಟಗಾಗಿದೆ ನೋಡು.

ನಿನ್ನೆ ನಂಜನಗೂಡಿನಲ್ಲಿ ಕಲಾ ಟ್ರಸ್ಟಿನವರು ನಡೆಸುವ ನಿಮ್ಮಪ್ಪನ ಚಿತ್ರಪ್ರದರ್ಶನ ಶುರುವಾಯಿತು. ನಿನಗೆ ರಜೆ ಸಿಗಲಿಲ್ಲ, ಗೊತ್ತು. ನಾನು ಚಿಕ್ಕಮಾದು ಅವರನ್ನು ಕರೆದುಕೊಂಡು ಹೋದೆ. ಹೆಮ್ಮಿಗೆಯಿಂದ ಬೆಳಿಗ್ಗೆಯೇ ಬಂದು ನಮ್ಮೂರ ಬಸ್ ಸ್ಟ್ಯಾಂಡಿನಲ್ಲಿ ಕಾಯುತ್ತಿದ್ದರು. ಇಸ್ತ್ರಿ ಮಾಡಿದ ಬಿಳಿ ಶರಟು, ಹೊಸ ಚಪ್ಪಲಿ. "ಏನ್ ಮದುವೆ ಗಂಡಿನ ಥರ ಬಂದಿದ್ದೀರಲ್ಲ" ಎಂದೆ. "ಮೇಷ್ಟ್ರು ಜೊತೆ ನನ್ ಹೆಸ್ರೂ ಗೋಡೆ ಮ್ಯಾಲಿರ್ತದಲ್ಲ ಟೀಚ್ರಮ್ಮ, ಮಾಸಿದ್ ಬಟ್ಟೆಲೋದ್ರೆ ಅವ್ರಿಗೇ ಅವಮಾನ" ಎಂದು ನಕ್ಕರು.

ಪ್ರದರ್ಶನದ ಹಾಲ್ ಒಳಗೆ ಮೊದಲ ಚಿತ್ರ ನಮ್ಮೂರಿನ ಸಂಗಮ. ಕಪಿಲೆ ಬಂದು ಕಾವೇರಿಗೆ ಸೇರುವ ಕಡೆ ನೀರು ಎರಡು ಬಣ್ಣವಾಗಿ ಸ್ವಲ್ಪ ದೂರ ಜೊತೆಗೇ ಹರಿಯುತ್ತದಲ್ಲ, ಅದು. ನಡುವೆ ಒಂದು ತೆಪ್ಪ. ತೆಪ್ಪದಲ್ಲಿ ಯಾರೂ ಇಲ್ಲ. ಹುಟ್ಟು ಹಾಕುವ ಮುದುಕ ಇರಬೇಕಿತ್ತು, ಅವನೆದುರು ಆಡಿನ ಮರಿ ತಬ್ಬಿಕೊಂಡ ಹೆಂಗಸು ಇರಬೇಕಿತ್ತು. ನನ್ನ ಕಣ್ಣೇ ಸರಿಯಿಲ್ಲವೇನೋ ಎಂದು ಪಕ್ಕದ ಚಿತ್ರಕ್ಕೆ ಹೋದೆ. ಅದು ಹೆಮ್ಮಿಗೆಯ ನಾಟಿ ಗದ್ದೆ. ಗದ್ದೆಯ ನೀರಿನಲ್ಲಿ ಸೊಂಟ ಬಗ್ಗಿಸಿದ ಏಳು ಹೆಂಗಸರ ನೆರಳು ಹಾಗೇ ಇದೆ. ಮೇಲೆ ಹೆಂಗಸರಿಲ್ಲ.

ಕೋಮಲಾ, ನೀರಿನಲ್ಲಿ ನೆರಳಿದೆ, ಮನುಷ್ಯರಿಲ್ಲ!

ನಿನ್ನ ಮಾದು ಮಾಮ ಸುಮಾರು ಹೊತ್ತು ನೋಡಿದರು. ಆಮೇಲೆ, "ಏನ್ ಟೀಚ್ರಮ್ಮ, ನಮ್ ಎಣ್ಮಕ್ಳೆಲ್ಲ ಊಟಕ್ಕೆ ಎದ್ದೋಗವ್ರಾ?" ಎಂದರು. ನನಗೆ ನಗು ಬರಲಿಲ್ಲ. ಅವರು ಮುಖ ಹತ್ತಿರ ತಂದು ನೋಡಿ, "ಕೆರೆದವ್ರೆ. ತಳಕ್ಕೇ ಕೆರೆದು ಮ್ಯಾಲೆ ಬಣ್ಣ ಬಳಿದವ್ರೆ" ಎಂದರು. ಹನ್ನೊಂದು ಚಿತ್ರಗಳನ್ನೂ ಒಂದೊಂದಾಗಿ ನೋಡಿದೆವು. ಬನ್ನೂರಿನ ಕಬ್ಬಿನ ಗಾಡಿಗೆ ಗಾಡಿಯವನಿಲ್ಲ. ಕಳಲೆ ದೇವಸ್ಥಾನದ ಹಿಂದಿನ ದಾರಿಯಲ್ಲಿ ಹೂವಿನ ಬುಟ್ಟಿ ಇದೆ, ಹೊತ್ತವಳಿಲ್ಲ; ಬುಟ್ಟಿ ಗಾಳಿಯಲ್ಲಿ ನಿಂತಿದೆ. ಗೋಡೆಯ ಮೇಲೆ ಒಂದೇ ಹೆಸರು, ನಿಮ್ಮಪ್ಪನದು.

ನಿನಗೆ ಗೊತ್ತಿರುವುದನ್ನೇ ಮತ್ತೆ ಬರೆಯುತ್ತೇನೆ. ಯಾಕೆಂದರೆ ಗೊತ್ತಿದ್ದೂ ನೀನು ಟ್ರಸ್ಟಿನವರ ಕಾಗದಕ್ಕೆ ಸಹಿ ಹಾಕಿದ್ದೀಯ.

ಊರಿಗೆ ಫ್ಲೆಕ್ಸ್ ಬಂದ ವರ್ಷ ನಿನಗಿನ್ನೂ ಹತ್ತೋ ಹನ್ನೊಂದೋ. ಅಂಗಡಿ ಬೋರ್ಡು, ಸಿನಿಮಾ ಬ್ಯಾನರು, ಲಾರಿಯ ಹಿಂದಿನ ನವಿಲು ಬರೆಯುತ್ತಿದ್ದವರೆಲ್ಲ ಆರೇ ತಿಂಗಳಲ್ಲಿ ಕೆಲಸವಿಲ್ಲದೆ ಕೂತರು. ಡ್ರಾಯಿಂಗ್ ಮೇಷ್ಟ್ರಾಗಿದ್ದ ನಿಮ್ಮಪ್ಪ ಶಾಲೆ ಬಿಟ್ಟ ಮೇಲೆ ಅವರ ಮನೆಗಳಿಗೆ ಸೈಕಲ್ ತುಳಿಯುತ್ತಿದ್ದರು. ಫೋಟೋಗಳಿಗೆ ಬಣ್ಣ ಹಚ್ಚುತ್ತಿದ್ದ ಸ್ಟುಡಿಯೋ ನಂಜುಂಡನಿಗೆ ಶಾಲೆಯಲ್ಲಿ ಮಕ್ಕಳಿಗೆ ಕಲಿಸುವ ಕೆಲಸ ಕೊಡಿಸಲು ಹೆಡ್‌ಮಾಸ್ಟರ ಜೊತೆ ಜಗಳವಾಡಿದ್ದನ್ನು ಸ್ಟಾಫ್ ರೂಮಿನಲ್ಲಿ ಕೂತು ನಾನೇ ಕೇಳಿದ್ದೇನೆ. ನಿಮ್ಮಪ್ಪನ ಹಳೇ ಗೆಳೆಯ, ಬೋರ್ಡು ಬರೆಯುತ್ತಿದ್ದ ಚಿಕ್ಕಮಾದು ಮಾತ್ರ ಯಾರ ಹತ್ತಿರವೂ ಏನೂ ಕೇಳುವವರಲ್ಲ. ವಾಚ್‌ಮನ್ ಕೆಲಸಕ್ಕೆ ಸೇರುತ್ತೇನೆಂದು ಹೇಳಿ, ತಮ್ಮ ಬ್ರಷ್ಷುಗಳನ್ನೆಲ್ಲ ನಿಮ್ಮಪ್ಪನಿಗೆ ಕೊಟ್ಟುಹೋಗಲು ಬಂದರು. ನಾನೂ ಅಂದು ನಿಮ್ಮ ಮನೆಯಲ್ಲಿದ್ದೆ. ನಿಮ್ಮಪ್ಪನ ಎದುರು ಬಣ್ಣ ಅರ್ಧ ಒಣಗಿದ ಗದ್ದೆಯ ಚಿತ್ರ. ಅದರಲ್ಲಿ ಅವರೇ ಬರೆದ ನಾಟಿಯ ಹೆಂಗಸರು. ನಿಮ್ಮಪ್ಪ ಟರ್ಪೆಂಟೈನ್ ಬಟ್ಟೆ ತೆಗೆದುಕೊಂಡು ಆ ಹೆಂಗಸರನ್ನು ಒರೆಸಿಹಾಕಿದರು.

"ಲೇ ಮಾದು, ನಂಗೆ ಮನುಷ್ರು ಬರಕಿಲ್ಲ ಕಣ್ಲಾ. ಸೊಂಟ ಬಗ್ಗಿಸಿದ್ರೆ ಕೊರಡು ಬಗ್ಗಿದಂಗೆ ಆಯ್ತದೆ. ನೀನು ಬರ್ಕೊಡು" ಎಂದರು.

ಎಂಟು ತಿಂಗಳ ನೀನು ಬಾಯಿ ತೆರೆದು ಮಲಗಿದ್ದನ್ನು ಹನ್ನೆರಡು ಗೆರೆಯಲ್ಲಿ ಬರೆದ ಮನುಷ್ಯ ಹೇಳಿದ ಸುಳ್ಳು ಅದು. ಚಿಕ್ಕಮಾದುವಿಗೂ ಸುಳ್ಳೆಂದು ಗೊತ್ತಿತ್ತು. "ಕೊರಡೇ ಸರಿ ಬುಡಿ ಮೇಷ್ಟ್ರೆ" ಎಂದು ಕೂತು ಬರೆದರು. ಆಮೇಲೆ ಹದಿನೆಂಟು ವರ್ಷ, ಎರಡು ವರ್ಷದ ಹಿಂದೆ ನಿಮ್ಮಪ್ಪ ತೀರಿಹೋಗುವವರೆಗೆ, ಹಾಗೇ ನಡೆಯಿತು. ಹೊಲ, ಹೊಳೆ, ಆಕಾಶ ನಿಮ್ಮಪ್ಪನದು. ನಡುವೆ ಒಂದಿಷ್ಟು ಜಾಗ ಖಾಲಿ ಬಿಡುತ್ತಿದ್ದರು. ಅಲ್ಲಿ ಚಿಕ್ಕಮಾದು ಮನುಷ್ಯರನ್ನು ತಂದು ನಿಲ್ಲಿಸುತ್ತಿದ್ದರು. ಮತ್ತೆ ಕೊನೆಯಲ್ಲಿ ನಿಮ್ಮಪ್ಪ ಆ ಮನುಷ್ಯರಿಗೆ ನೆರಳು ಹಾಕುತ್ತಿದ್ದರು. "ಮನುಷ್ಯ ನಿಂದು, ನೆರಳು ನಂದು" ಎನ್ನುತ್ತಿದ್ದರು. ಖಾಲಿ ಬಿಟ್ಟ ಜಾಗಕ್ಕೆ ಅವರು ಇಟ್ಟ ಹೆಸರು ಪಾಲು. ಯಾವ ಕ್ಯಾನ್ವಾಸು ಯಾರಿಗೆ ಹೋಗಬೇಕೆಂದು ಮರೆಯದಿರಲಿ ಎಂದು ಬೆನ್ನಿಗೆ ಪೆನ್ಸಿಲಿನಲ್ಲಿ "ಚಿಕ್ಕಮಾದು ಪಾಲು" ಎಂದು ಬರೆದಿಡುತ್ತಿದ್ದರು. ಅಷ್ಟೇ ಅದರ ಅರ್ಥ.

ಟ್ರಸ್ಟಿನ ಕಾರ್ಯದರ್ಶಿ ಮಲ್ಲಿಕಾರ್ಜುನ್ ನನ್ನ ಹಳೆಯ ವಿದ್ಯಾರ್ಥಿ. ಎಲ್ಲರೆದುರೇ ಹಿಡಿದು ಕೇಳಿದೆ. ನಾಚಿಕೆಯಿಲ್ಲದೆ ಹೇಳಿದ: "ಮಿಸ್, ಎಲ್ಲದ್ರ ಹಿಂದೂ ಚಿಕ್ಕಮಾದು ಪಾಲು, ಚಿಕ್ಕಮಾದು ಪಾಲು ಅಂತಿದೆ. ನಾವು ಪರ್ಮನೆಂಟ್ ಮ್ಯೂಸಿಯಂ ಮಾಡೋರು. ನಾಳೆ ಅವ್ರ ಮೊಮ್ಮಕ್ಳು ತಕರಾರು ಅರ್ಜಿ ಹಾಕಿದ್ರೆ ಬಾಗ್ಲಿಗೆ ಬೀಗ ಬೀಳುತ್ತೆ. ವಕೀಲ್ರು ಹೇಳಿದ್ರು, ಪಾಲೇ ಇಲ್ದಂಗೆ ಮಾಡ್ಬಿಡಿ ಅಂತ."

"ಅದು ಚಿತ್ರ ಕಣೋ, ಜಮೀನಲ್ಲ!" ಎಂದೆ.

"ಮೇಷ್ಟ್ರು ಬರ್ದಿರೋದೆಲ್ಲ ಜಮೀನೇ ಅಲ್ವಾ ಮಿಸ್?" ಎಂದ. ತಮಾಷೆಗೆ ಹೇಳಿದ್ದಲ್ಲ. ಅವನಿಗೆ ಹಾಗೇ ಕಂಡಿದೆ. ಪಾಲು ಎಂಬ ಮಾತು ಕಿವಿಗೆ ಬಿದ್ದರೆ ನಮ್ಮ ಕಡೆಯವರಿಗೆ ಅಣ್ಣತಮ್ಮಂದಿರ ಸರ್ವೆ ಕಲ್ಲು ಬಿಟ್ಟು ಬೇರೇನೂ ನೆನಪಾಗುವುದಿಲ್ಲ.

ಆಮೇಲೆ ನೀನು ಸಹಿ ಮಾಡಿದ ಕಾಗದ ತೋರಿಸಿದ. "ಅನ್ಯರ ಕೈ ಇರುವ ಭಾಗಗಳನ್ನು ತೆಗೆದು ಶುಚಿಗೊಳಿಸಲು ಒಪ್ಪಿದ್ದೇನೆ" ಎಂದಿದೆ. ನೀನು ಧೂಳು ಒರೆಸುತ್ತಾರೆ, ಬೂಷ್ಟು ತೆಗೆಯುತ್ತಾರೆ ಎಂದುಕೊಂಡಿರುತ್ತೀಯ. ನಿನ್ನನ್ನು ಎತ್ತಿ ಆಡಿಸಿದ ಮಾದು ಮಾಮ ಯಾವತ್ತಿನಿಂದ ಅನ್ಯರಾದರು, ಕೋಮಲಾ? ಓದದೆ ಸಹಿ ಹಾಕಬೇಡಿ ಎಂದು ನಿಮ್ಮ ತರಗತಿಗೇ ಹೇಳಿಕೊಟ್ಟವಳು ನಾನು.

ಆ ಹನ್ನೊಂದು ಹೋದವು. ಕೆರೆದ ಬಣ್ಣ ಮತ್ತೆ ಬರುವುದಿಲ್ಲ. ನಂಜನಗೂಡಿನ ನಿಮ್ಮ ಮನೆಯ ಅಟ್ಟದಲ್ಲಿ ಇನ್ನೂ ಒಂಬತ್ತು ಇವೆ. ಚಿಕ್ಕಮಾದು ಬರೆದದ್ದು ಈ ಲೋಕದಲ್ಲಿ ಉಳಿದಿರುವುದು ಇನ್ನು ಅಷ್ಟೇ. ಅವರ ಬೋರ್ಡುಗಳೆಲ್ಲ ಎಂದೋ ಗುಜರಿಗೆ ಹೋದವು. ಇಪ್ಪತ್ತನೇ ತಾರೀಕು ಟ್ರಸ್ಟಿನವರು ಟೆಂಪೋ ತರುತ್ತಾರಂತೆ. ಪಕ್ಕದ ಮನೆಯ ಪವಿತ್ರಳ ಹತ್ತಿರ ಬೀಗದ ಕೈ ಇದೆಯಲ್ಲ, ಕೊಡಬೇಡವೆಂದು ಈ ಕಾಗದ ಸಿಕ್ಕ ಗಳಿಗೆಯಲ್ಲೇ ಅವಳಿಗೆ ಹೇಳು. ಒಪ್ಪಿಗೆ ವಾಪಸ್ಸು ಪಡೆದಿದ್ದೇನೆ ಎಂದು ನಾಲ್ಕು ಸಾಲು ಬರೆದು ರಿಜಿಸ್ಟರ್ ಪೋಸ್ಟಿನಲ್ಲಿ ಟ್ರಸ್ಟಿಗೆ ಕಳಿಸು, ಒಂದು ಪ್ರತಿ ನನಗೂ ಇರಲಿ. ಅಪ್ಪನಿಗೆ ಮ್ಯೂಸಿಯಂ ಆಗುವುದು ತಪ್ಪುತ್ತದೆ ಎಂದು ಅಳುಕಬೇಡ. ಮನುಷ್ಯರನ್ನು ಕೆರೆದುಹಾಕಿದ ಮ್ಯೂಸಿಯಂ ಆ ಮನುಷ್ಯನಿಗೆ ಬೇಡ.

ನಿನ್ನ ಮೇಲಿನ ಸಿಟ್ಟು ಇಳಿದಿಲ್ಲ, ಪ್ರೀತಿಯೂ ಇಳಿದಿಲ್ಲ.

ನಿನ್ನ ಟೀಚರಮ್ಮ,
ಚನ್ನಬಸಮ್ಮ

ಮರೆತದ್ದು: ಮರೆತದ್ದಲ್ಲ, ಬರೆಯದೆ ಬಿಟ್ಟದ್ದು. ಅಂಟಿಸಿದ ಲಕೋಟೆ ಹರಿದು ಬರೆಯುತ್ತಿದ್ದೇನೆ. ಜುಲೈನಲ್ಲಿ ಮಲ್ಲಿಕಾರ್ಜುನ್ ಚಿತ್ರಗಳ ಬೆನ್ನಿನ ಫೋಟೋ ಕಳಿಸಿ "ಪಾಲು ಅಂದ್ರೆ ಏನು ಮಿಸ್?" ಎಂದು ಕೇಳಿದ್ದು ನನ್ನನ್ನೇ. ಪ್ರದರ್ಶನದ ಕರಪತ್ರದಲ್ಲಿ ಚಿಕ್ಕಮಾದು ಹೆಸರು ಬಿಟ್ಟಿದ್ದರೆಂದು ನನಗೆ ಸಿಟ್ಟಿತ್ತು. ಹೆದರಲಿ ಎಂದು, "ಪಾಲು ಅಂದರೆ ಪಾಲೇ. ಅರ್ಧ ಅವರದು. ಹೆಸರು ಹಾಕದಿದ್ದರೆ ಕೋರ್ಟಿಗೆ ನಾನೇ ಕರೆದುಕೊಂಡು ಹೋಗುತ್ತೇನೆ" ಎಂದು ಉತ್ತರ ಬರೆದೆ. ಅವನು ವಕೀಲರಿಗೆ ತೋರಿಸಿದ್ದು ಅದನ್ನೇ. ನಿನ್ನೆ ಫೋನ್ ತೆಗೆದು ನನ್ನ ಮುಖದೆದುರು ಹಿಡಿದ. ಚಿಕ್ಕಮಾದು ಆಗ ಹೊರಗೆ ಕಾಫಿ ಕುಡಿಯುತ್ತಿದ್ದರು. ಬಸ್ಸಿನಲ್ಲಿ ಊರು ಮುಟ್ಟುವವರೆಗೂ, ನನ್ನ ಉತ್ತರದ ವಿಷಯ ಎತ್ತದೆ, ನಾನು ಮಲ್ಲಿಕಾರ್ಜುನನನ್ನು ಬೈಯುತ್ತಲೇ ಬಂದೆ. ಇಳಿಯುವಾಗ ಅವರು, "ಓಗ್ಲಿ ಬುಡಿ ಟೀಚ್ರಮ್ಮ, ನಮ್ ಪರ ಮಾತಾಡಕ್ಕೆ ನೀವೊಬ್ರು ಇದ್ದೀರಲ್ಲ" ಎಂದರು.